ಇಲಿಯ ಒಂದು ಜೀನ್ ಏನು ಕೆಲಸ ಮಾಡುತ್ತದೆ ಎಂದು ಪತ್ತೆ ಹಚ್ಚುವುದು ಹೇಗೆ? ವಿಮೆಂಟಿನ್ ಹಿಡಿದು ಹಂತ ಹಂತವಾಗಿ

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂದಾಗಲೆಲ್ಲ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ. 'ಗೈಡ್ ಒಂದು ಇಲಿ ಜೀನ್ ಕೊಟ್ಟಿದ್ದಾರೆ, ಸೈಟೋಸ್ಕೆಲಿಟನ್ ಪ್ರೋಟೀನ್ ಅಂತೆ, ಅದರ ಫಂಕ್ಷನ್ ಬರ್ಕೊಂಡು ಬಾ ಅಂದಿದ್ದಾರೆ, ಎಲ್ಲಿಂದ ಶುರು ಮಾಡಲಿ?' ಎಂಎಸ್ಸಿಯವರು ಕೇಳುತ್ತಾರೆ, ಬಯೋಟೆಕ್ ಎಂಜಿನಿಯರಿಂಗ್‌ನವರು ಕೇಳುತ್ತಾರೆ, ಪಿಎಚ್‌ಡಿಗೆ ಈಗಷ್ಟೇ ಸೇರಿದವರೂ ಕೇಳುತ್ತಾರೆ. ಕೊನೆಗೆ ಹೆಚ್ಚಿನವರು ಬರೆಯುವುದು ಒಂದೇ ಸಾಲು: 'ಈ ಪ್ರೋಟೀನ್ ಜೀವಕೋಶಕ್ಕೆ ಆಕಾರ ಮತ್ತು ಬಲ ಕೊಡುತ್ತದೆ.' ತಪ್ಪೇನಿಲ್ಲ. ಆದರೆ ಸೈಟೋಸ್ಕೆಲಿಟನ್‌ನ ಯಾವ ಪ್ರೋಟೀನಿಗೆ ಬೇಕಾದರೂ ಈ ಸಾಲು ಅಂಟಿಸಬಹುದು. ಹಾಗಾಗಿ ಅದು ಉತ್ತರ ಅಲ್ಲ, ಉತ್ತರ ತಪ್ಪಿಸಿಕೊಳ್ಳುವ ದಾರಿ.

ಮೊದಲು ಆ ಪದ ಬಿಡಿಸೋಣ. ಸೈಟೋಸ್ಕೆಲಿಟನ್ ಅಂದರೆ ಜೀವಕೋಶದ ಒಳಗಿನ ಹಂದರ. ಮನೆಗೆ ಕಂಬ, ತೊಲೆ, ಜಂತೆ ಇದ್ದ ಹಾಗೆ. ಆದರೆ ಈ ಹಂದರ ಸುಮ್ನೆ ನಿಂತಿರುವುದಿಲ್ಲ. ಬೇಕಾದಲ್ಲಿ ಬೆಳೆಯುತ್ತದೆ, ಬೇಡವಾದಲ್ಲಿ ಕಳಚಿಕೊಳ್ಳುತ್ತದೆ. ಇದರಲ್ಲಿ ಮೂರು ಬಗೆಯ ಎಳೆಗಳು ಮುಖ್ಯ. ಆಕ್ಟಿನ್ ಎಳೆ ಸುಮಾರು 7 ನ್ಯಾನೋಮೀಟರ್ ದಪ್ಪ, ಮೈಕ್ರೋಟ್ಯೂಬ್ಯೂಲ್ ಎಂಬ ಕೊಳವೆ ಸುಮಾರು 25, ಇವೆರಡರ ನಡುವಿನ ದಪ್ಪದ್ದು ಸುಮಾರು 10. ನಡುವಿನ ದಪ್ಪ ಅಂತಲೇ ಮೂರನೆಯದಕ್ಕೆ ಇಂಟರ್‌ಮೀಡಿಯೆಟ್ ಫಿಲಮೆಂಟ್ ಎಂದು ಹೆಸರು. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್ ಇರುತ್ತವೆ, ಲೆಕ್ಕ ನೀವೇ ಹಾಕಿ.

ಉದಾಹರಣೆಗೆ ನಾನು ತೆಗೆದುಕೊಂಡಿರುವ ವಿಮೆಂಟಿನ್ ಈ ಮೂರನೇ ಗುಂಪಿನದು. ಇದನ್ನೇ ಆರಿಸಲು ಕಾರಣ ಇದೆ. 1994ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ತಂಡ ಈ ಜೀನ್ ಇಲ್ಲದ ಇಲಿಗಳನ್ನು ಮಾಡಿತು. ಇಲಿಗಳು ಹುಟ್ಟಿದವು, ಬೆಳೆದವು, ಮರಿ ಹಾಕಿದವು. ನೋಡುವುದಕ್ಕೆ ಏನೂ ಆಗಿರಲಿಲ್ಲ. ಹಾಗಾದರೆ ಈ ಜೀನಿಗೆ ಕೆಲಸವೇ ಇಲ್ವಾ? ಈ ಒಂದು ಪ್ರಶ್ನೆಯನ್ನು ಸರಿಯಾಗಿ ಬಿಡಿಸಲು ಬಂದರೆ ನಿಮ್ಮ ಗೈಡ್ ಕೊಟ್ಟ ಜೀನ್ ಯಾವುದಾದರೂ ಅದನ್ನೂ ಬಿಡಿಸಬಹುದು.

ಏನೇನು ಬೇಕು

ಒಂದು ಕಂಪ್ಯೂಟರ್, ಇಂಟರ್ನೆಟ್, ಒಂದು ನೋಟ್‌ಬುಕ್. ಮೊಬೈಲಿನಲ್ಲಿ ಮಾಡಲು ಹೋಗಬೇಡಿ, ಈ ಡೇಟಾಬೇಸ್‌ಗಳ ಪುಟ ತುಂಬಾ ಉದ್ದ, ಬೇಕಾದ ಸಾಲು ಕಣ್ಣು ತಪ್ಪುತ್ತದೆ. ದುಡ್ಡು ಬೇಡ, ಮುಖ್ಯ ಡೇಟಾಬೇಸ್‌ಗಳೆಲ್ಲ ಉಚಿತ: ಇಲಿಗಳಿಗೇ ಮೀಸಲಾದ ಮೌಸ್ ಜೀನೋಮ್ ಇನ್ಫರ್ಮ್ಯಾಟಿಕ್ಸ್, ಅಂದರೆ ಎಂಜಿಐ, ಅಮೆರಿಕದ ಎನ್‌ಸಿಬಿಐ ಜೀನ್, ಪ್ರೋಟೀನುಗಳ ಯುನಿಪ್ರಾಟ್, ಪೇಪರ್ ಹುಡುಕಲು ಪಬ್‌ಮೆಡ್. ಸಮಯ? ಬಿಡುವಾಗಿ ಮಾಡಿದರೆ ಒಂದು ವಾರದ ಸಂಜೆಗಳು. ಸಲ್ಲಿಸುವ ಹಿಂದಿನ ರಾತ್ರಿ ಕೂತರೆ ಮತ್ತೆ ಅದೇ 'ಆಕಾರ ಮತ್ತು ಬಲ' ಬರುತ್ತದೆ.

ಹಂತ 1: ಹೆಸರು ಸರಿ ಮಾಡಿಕೊಳ್ಳಿ

ಬಹಳ ಜನ ಎಡವುವುದು ಇಲ್ಲೇ. ಕನ್ನಡದಲ್ಲಿ ನಮಗೆ ಮೌಸ್ ಕೂಡ ಇಲಿ, ರ‍್ಯಾಟ್ ಕೂಡ ಇಲಿ. ಡೇಟಾಬೇಸಿಗೆ ಇವೆರಡೂ ಬೇರೆ ಬೇರೆ ಪ್ರಾಣಿ. ಮೌಸ್ ಅಂದರೆ ಮಸ್ ಮಸ್ಕ್ಯುಲಸ್, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ರ‍್ಯಾಟ್ ಅಂದರೆ ರ‍್ಯಾಟಸ್ ನಾರ್ವೆಜಿಕಸ್, ಅದರ ಹತ್ತು ಪಟ್ಟಾದರೂ ತೂಗುತ್ತದೆ. ನಾನೇ ಒಮ್ಮೆ ಅರ್ಧ ದಿನ ರ‍್ಯಾಟ್ ಪುಟ ಓದಿ ನೋಟ್ಸ್ ಮಾಡಿ, ಸಂಜೆ ಮೇಲೆ ಕಣ್ಣಾಡಿಸಿದಾಗ ತಲೆ ಚಚ್ಚಿಕೊಂಡಿದ್ದೇನೆ. ಪುಟ ತೆರೆದ ತಕ್ಷಣ ಪ್ರಾಣಿಯ ಹೆಸರು ನೋಡಿ, ಆಮೇಲೆ ಮುಂದೆ ಓದಿ.

ಜೀನಿನ ಚಿಕ್ಕ ಹೆಸರನ್ನು ಸಿಂಬಲ್ ಎನ್ನುತ್ತಾರೆ. ವಿಮೆಂಟಿನ್ ಜೀನಿನ ಸಿಂಬಲ್‌ನಲ್ಲಿ ವಿ, ಐ, ಎಂ ಎಂಬ ಮೂರೇ ಇಂಗ್ಲಿಷ್ ಅಕ್ಷರ. ಮನುಷ್ಯರ ಜೀನಾದರೆ ಮೂರೂ ದೊಡ್ಡಕ್ಷರ. ಇಲಿಯದಾದರೆ ಮೊದಲನೆಯದು ಮಾತ್ರ ದೊಡ್ಡದು, ಉಳಿದವು ಚಿಕ್ಕವು. ಜೀನ್ ಬಗ್ಗೆ ಬರೆಯುವಾಗ ಓರೆ ಅಕ್ಷರ, ಪ್ರೋಟೀನ್ ಬಗ್ಗೆ ಬರೆಯುವಾಗ ನೇರ ಅಕ್ಷರ. ಇದು ಸುಮ್ನೆ ಶಿಸ್ತಿಗಲ್ಲ. ಪೇಪರಿನಲ್ಲಿ ಲೇಖಕರು ಮನುಷ್ಯರ ಕೋಶದ ಬಗ್ಗೆ ಹೇಳುತ್ತಿದ್ದಾರೋ ಇಲಿಯ ಬಗ್ಗೆಯೋ ಎಂದು ಗೊತ್ತಾಗುವುದು ಎಷ್ಟೋ ಸಲ ಈ ಅಕ್ಷರಗಳಿಂದಲೇ. ಆದರೆ ನೆನಪಿಡಿ, ರ‍್ಯಾಟಿಗೂ ಇದೇ ನಿಯಮ, ಹಾಗಾಗಿ ಸಿಂಬಲ್ ನೋಡಿ ಮೌಸ್ ಅಂತ ತೀರ್ಮಾನಿಸಬೇಡಿ.

ಆಮೇಲೆ ನಂಬರ್ ಬರೆದಿಟ್ಟುಕೊಳ್ಳಿ. ಹೆಸರು ಬದಲಾಗುತ್ತದೆ, ನಂಬರ್ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಇಲಿಯ ವಿಮೆಂಟಿನ್ ಜೀನ್ ಎನ್‌ಸಿಬಿಐನಲ್ಲಿ 22352, ಪ್ರೋಟೀನ್ ಯುನಿಪ್ರಾಟ್‌ನಲ್ಲಿ ಪಿ20152. ಮನುಷ್ಯರದ್ದು 7431 ಮತ್ತು ಪಿ08670.

ಎಚ್ಚರಿಕೆ: ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆಯುವ ಮುನ್ನ ಆ ಕಾಲಂ ಅನ್ನು 'ಟೆಕ್ಸ್ಟ್' ಎಂದು ಸೆಟ್ ಮಾಡಿ. ಸೈಟೋಸ್ಕೆಲಿಟನ್‌ನವರಿಗೆ ಈ ಕಾಟ ಸ್ವಲ್ಪ ಜಾಸ್ತಿನೇ. ಸೆಪ್ಟಿನ್ ಎಂಬ ಪ್ರೋಟೀನ್ ಕುಟುಂಬ ಇದೆ, ಅದೂ ಎಳೆಗಳಾಗಿ ಜೋಡಿಸಿಕೊಳ್ಳುವಂಥದ್ದು. ಅದರ ಜೀನುಗಳ ಹಳೆಯ ಸಿಂಬಲ್ 'ಸೆಪ್ಟ್' ಎಂದು ಶುರುವಾಗುತ್ತಿತ್ತು, ಎಕ್ಸೆಲ್ ಅದನ್ನು ಸೆಪ್ಟೆಂಬರ್ ಅಂದುಕೊಂಡು ತಾರೀಖು ಮಾಡಿಬಿಡುತ್ತಿತ್ತು! ಕಾಟ ಎಷ್ಟಾಯಿತೆಂದರೆ 2020ರಲ್ಲಿ ಹೆಸರಿಡುವ ಸಮಿತಿಯೇ ಸೋತು, ಮನುಷ್ಯರ ಆ ಜೀನುಗಳ ಸಿಂಬಲ್ ಅನ್ನು 'ಸೆಪ್ಟಿನ್' ಎಂದು ಉದ್ದ ಮಾಡಿತು. ಹಳೆಯ ಫೈಲುಗಳಲ್ಲಿ ಸೆಪ್ಟೆಂಬರ್ 2, ಸೆಪ್ಟೆಂಬರ್ 7 ಕಂಡರೆ ಗಾಬರಿ ಬೇಡ, ಅವು ಜೀನುಗಳೇ.

ಹಂತ 2: ಜೀನಿನ ಮನೆ ವಿಳಾಸ

ಇಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ. ಎಂಜಿಐ ಪುಟದಲ್ಲಿ ಇಲಿಯ ವಿಮೆಂಟಿನ್ ಜೀನ್ 2ನೇ ಕ್ರೋಮೋಸೋಮಿನಲ್ಲಿದೆ ಎಂದು ಸಿಗುತ್ತದೆ, ಮನುಷ್ಯರಲ್ಲಿ ಅದು 10ನೆಯದರಲ್ಲಿ. ಒಂದೇ ಪೂರ್ವಜ ಜೀನಿನಿಂದ ಬಂದು ಬೇರೆ ಬೇರೆ ಪ್ರಾಣಿಗಳಲ್ಲಿ ಉಳಿದಿರುವ ಜೀನುಗಳಿಗೆ ಆರ್ಥೋಲಾಗ್ ಎನ್ನುತ್ತಾರೆ. ದಾಯಾದಿಗಳು ಬೇರೆ ಊರು ಸೇರಿದ ಹಾಗೆ. ಒಂದೇ ಪ್ರಾಣಿಯೊಳಗೆ ಒಂದು ಜೀನ್ ಎರಡಾಗಿ ಉಳಿದವು ಪ್ಯಾರಲಾಗ್. ಎರಡನ್ನೂ ಬೇರೆ ಬೇರೆ ಪಟ್ಟಿ ಮಾಡಿಕೊಳ್ಳಿ, ಆರನೇ ಹಂತದಲ್ಲಿ ಪ್ಯಾರಲಾಗ್‌ಗಳು ಮತ್ತೆ ಬೇಕಾಗುತ್ತವೆ.

ಹಂತ 3: ಪ್ರೋಟೀನ್ ಹೇಗಿದೆ ನೋಡಿ

ಯುನಿಪ್ರಾಟ್‌ನಲ್ಲಿ ಎರಡು ಬಗೆಯ ಪುಟಗಳಿವೆ. ಮನುಷ್ಯರು ಕೂತು ಓದಿ ತಿದ್ದಿದವು ಸ್ವಿಸ್-ಪ್ರಾಟ್, ಕಂಪ್ಯೂಟರ್ ತಾನೇ ತುಂಬಿಸಿದವು ಟ್ರೆಂಬಲ್. 'ರಿವ್ಯೂಡ್' ಎಂಬ ಗುರುತು ಇರುವುದನ್ನೇ ತೆರೆಯಿರಿ.

ವಿಮೆಂಟಿನ್‌ನಲ್ಲಿ 466 ಅಮೈನೋ ಆಮ್ಲಗಳಿವೆ. ಮುಂದೆ ಒಂದು ತಲೆ, ನಡುವೆ ಉದ್ದ ಕೋಲು, ಹಿಂದೆ ಒಂದು ಬಾಲ. ಎರಡು ಕೋಲುಗಳು ಒಂದಕ್ಕೊಂದು ಹೆಣೆದುಕೊಂಡು ಜೋಡಿಯಾಗುತ್ತವೆ, ಎರಡು ಜೋಡಿ ಎದುರು ಬದುರು ಮಲಗಿ ನಾಲ್ಕರ ಕಟ್ಟಾಗುತ್ತವೆ, ಅಂಥ ಎಂಟು ಕಟ್ಟುಗಳು ಪಕ್ಕ ಪಕ್ಕ ಸೇರಿ ಒಂದು ತುಂಡು ಹಗ್ಗ, ಆ ತುಂಡುಗಳು ತುದಿಗೆ ತುದಿ ಕೂಡಿಕೊಂಡು ಎಳೆ. ತೆಂಗಿನ ನಾರಿನಲ್ಲಿ ಹಗ್ಗ ಹೊಸೆಯುವುದನ್ನು ನೋಡಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೆಸರೂ ಹಾಗೇ ಬಂದದ್ದು. ಲ್ಯಾಟಿನ್‌ನಲ್ಲಿ ವಿಮೆಂಟಮ್ ಅಂದರೆ ಬಾಗುವ ಕಡ್ಡಿಗಳ ಹೆಣಿಗೆ, ನಮ್ಮ ಬೆತ್ತದ ಬುಟ್ಟಿಯಂಥದ್ದು.

ಫ್ಲೋರೊಸೆಂಟ್ ಬಣ್ಣ ಹಾಕಿದ ಫೈಬ್ರೊಬ್ಲಾಸ್ಟ್ ಕೋಶದ ಚಿತ್ರ ಒಂದನ್ನು ಹುಡುಕಿ ನೋಡಿ. ಫೈಬ್ರೊಬ್ಲಾಸ್ಟ್ ಅಂದರೆ ಚರ್ಮದ ಕೆಳಗೆಲ್ಲ ಇದ್ದು ಕೊಲಾಜೆನ್ ತಯಾರಿಸುವ ಕೋಶ. ನ್ಯೂಕ್ಲಿಯಸ್ ಸುತ್ತ ವಿಮೆಂಟಿನ್ ಸಿಕ್ಕುಗಟ್ಟಿದ ಕೂದಲಿನ ಹಾಗೆ ದಟ್ಟವಾಗಿರುತ್ತದೆ, ಅಂಚಿಗೆ ಹೋದಂತೆ ಎಳೆಗಳು ತೆಳುವಾಗುತ್ತವೆ. ಪಂಜರದೊಳಗೆ ನ್ಯೂಕ್ಲಿಯಸ್ ಕೂತ ಹಾಗೆ ಕಾಣುತ್ತದೆ. ಈ ಚಿತ್ರ ಒಮ್ಮೆ ತಲೆಯಲ್ಲಿ ಕೂತರೆ ಮುಂದಿನದ್ದು ಸಲೀಸು.

ಇನ್ನೊಂದು ಗುಣ ಬರೆದುಕೊಳ್ಳಿ. ವಿಮೆಂಟಿನ್ ಜಾಲವನ್ನು ಸ್ವಲ್ಪ ಎಳೆದರೆ ಮೆತ್ತಗೆ ಬಗ್ಗುತ್ತದೆ, ಜೋರಾಗಿ ಎಳೆದರೆ ಗಟ್ಟಿಯಾಗುತ್ತದೆ. ಆಕ್ಟಿನ್ ಜಾಲ, ಮೈಕ್ರೋಟ್ಯೂಬ್ಯೂಲ್ ಹರಿದುಹೋಗುವಷ್ಟು ಎಳೆದರೂ ಇದು ತಡೆದುಕೊಳ್ಳುತ್ತದೆ. ಅಂದರೆ ಸಡಿಲವಾಗಿದ್ದಾಗ ಇದ್ದರೂ ಇಲ್ಲದಿದ್ದರೂ ಗೊತ್ತಾಗದ ಹಗ್ಗ, ಜಗ್ಗಿದಾಗ ಮಾತ್ರ ಬೆಲೆ ತಿಳಿಯುವ ಹಗ್ಗ. ಐದನೇ ಹಂತಕ್ಕೆ ಇದೇ ಕೀಲಿಕೈ.

ಎಚ್ಚರಿಕೆ: ಎರಡು ಪ್ರೋಟೀನುಗಳು ಒಂದೇ ಥರ ಇವೆ ಅಂದಮಾತ್ರಕ್ಕೆ ಅವುಗಳ ಜೀನುಗಳ ಕೆಲಸ ಒಂದೇ ಎಂದು ಬರೆಯಬೇಡಿ. ಬೀಟಾ ಆಕ್ಟಿನ್ ಮತ್ತು ಗಾಮಾ ಆಕ್ಟಿನ್ ನಡುವೆ ಇರುವುದು ನಾಲ್ಕೇ ಅಮೈನೋ ಆಮ್ಲಗಳ ವ್ಯತ್ಯಾಸ. ಆದರೂ ಬೀಟಾ ಆಕ್ಟಿನ್ ಜೀನ್ ತೆಗೆದರೆ ಇಲಿಯ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಗಾಮಾ ತೆಗೆದ ಇಲಿಗಳಲ್ಲಿ ಬದುಕುವವು ಇವೆ. ಇದಕ್ಕಿಂತ ತಮಾಷೆ ಎಂದರೆ, 2017ರಲ್ಲಿ ಒಂದು ತಂಡ ಬೀಟಾ ಜೀನಿನ ಕೆಲವೇ ಅಕ್ಷರ ತಿದ್ದಿ, ಅದೇ ಜಾಗದಿಂದ ಗಾಮಾ ಪ್ರೋಟೀನ್ ಬರುವಂತೆ ಮಾಡಿತು. ಇಲಿಗಳು ಚೆನ್ನಾಗಿಯೇ ಬದುಕಿದವು. ವ್ಯತ್ಯಾಸ ಇದ್ದದ್ದು ಪ್ರೋಟೀನಿನಲ್ಲಿ ಅಲ್ಲ, ಜೀನಿನ ಬರಹದಲ್ಲಿ! ಹಾಗಾಗಿ 'ಜೀನಿನ ಕೆಲಸ' ಮತ್ತು 'ಪ್ರೋಟೀನಿನ ಕೆಲಸ' ಎಂಬ ಎರಡು ಮಾತು ಕಲಸಬೇಡಿ.

ಹಂತ 4: ಎಲ್ಲಿ, ಯಾವಾಗ ಕಾಣಿಸಿಕೊಳ್ಳುತ್ತದೆ

ಜೀನ್ ಯಾವ ಕೋಶದಲ್ಲಿ ಆನ್ ಆಗಿದೆ ಎನ್ನುವುದಕ್ಕೆ ಎಕ್ಸ್‌ಪ್ರೆಶನ್ ಎನ್ನುತ್ತಾರೆ. ಇದಕ್ಕೆ ಎಂಜಿಐನ ಎಕ್ಸ್‌ಪ್ರೆಶನ್ ವಿಭಾಗ, 2018ರಲ್ಲಿ ಬಂದ ಟ್ಯಾಬ್ಯುಲಾ ಮ್ಯೂರಿಸ್ ಎಂಬ ಒಂದೊಂದೇ ಕೋಶದ ಅಟ್ಲಾಸ್, ಇವೆರಡು ಸಾಕು. ವಿಮೆಂಟಿನ್ ಫೈಬ್ರೊಬ್ಲಾಸ್ಟ್‌ಗಳಲ್ಲಿ, ರಕ್ತನಾಳದ ಒಳಪದರದಲ್ಲಿ, ಬಿಳಿ ರಕ್ತಕಣಗಳಲ್ಲಿ, ಕಣ್ಣಿನ ಮಸೂರದಲ್ಲಿ ಧಾರಾಳವಾಗಿ ಸಿಗುತ್ತದೆ. ಚರ್ಮದ ಮೇಲ್ಪದರದಂಥ ಎಪಿಥೀಲಿಯಲ್ ಕೋಶಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ಕೆರಾಟಿನ್ ಎಂಬ ಇನ್ನೊಂದು ಇಂಟರ್‌ಮೀಡಿಯೆಟ್ ಫಿಲಮೆಂಟ್ ಪ್ರೋಟೀನಿನದೇ ದರ್ಬಾರು.

ಈ ಹಂತದ ಗುಂಡಿಗಳು ಮೂರು.

ಮೊದಲನೆಯದು, ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಕೋಶ ಮಾಡಿಕೊಳ್ಳುವ ಜೀನಿನ ನಕಲು) ಜಾಸ್ತಿ ಇದ್ದರೆ ಪ್ರೋಟೀನೂ ಜಾಸ್ತಿ ಇರಲೇಬೇಕು ಅಂತಿಲ್ಲ. ಯಾವುದನ್ನು ಅಳೆದದ್ದು ಎಂದು ನೋಡಿ ಬರೆಯಿರಿ.

ಎರಡನೆಯದು, ತಟ್ಟೆಯಲ್ಲಿ ಬೆಳೆಸಿದ ಕೋಶ ಸುಳ್ಳು ಹೇಳುತ್ತದೆ. ದೇಹದಲ್ಲಿದ್ದಾಗ ವಿಮೆಂಟಿನ್ ತಯಾರಿಸದ ಎಷ್ಟೋ ಕೋಶಗಳು ಲ್ಯಾಬಿನ ತಟ್ಟೆಗೆ ಬಂದ ಮೇಲೆ ಅದನ್ನು ತಯಾರಿಸಲು ಶುರುಮಾಡುತ್ತವೆ. ಸೆಲ್ ಲೈನಿನಲ್ಲಿ, ಅಂದರೆ ಲ್ಯಾಬಿನಲ್ಲಿ ಬೆಳೆಸುತ್ತಲೇ ಬಂದ ಕೋಶಗಳಲ್ಲಿ, ಕಂಡದ್ದನ್ನು ಇಲಿಯ ಮೇಲೆ ಹೇರಬೇಡಿ.

ಮೂರನೆಯದೇ ದೊಡ್ಡದು. ಮಾರ್ಕರ್ ಬೇರೆ, ಫಂಕ್ಷನ್ ಬೇರೆ. ಎಪಿಥೀಲಿಯಲ್ ಕೋಶ ತನ್ನ ಸಾಲು ಬಿಟ್ಟು ಓಡಾಡುವ ಕೋಶವಾಗಿ ಬದಲಾಗುವುದಕ್ಕೆ ಇಎಂಟಿ ಎನ್ನುತ್ತಾರೆ, ಕ್ಯಾನ್ಸರ್ ಹರಡುವ ಮಾತು ಬಂದಾಗ ಇದು ಬಂದೇ ಬರುತ್ತದೆ. ಆಗ ವಿಮೆಂಟಿನ್ ಹೆಚ್ಚುತ್ತದೆ, ಅದಕ್ಕೇ ಅದನ್ನು ಗುರುತಾಗಿ ಬಳಸುತ್ತಾರೆ. ಆದರೆ ಗುರುತಾಗಿರುವುದು ಕೆಲಸವಲ್ಲ. ಮದುವೆ ಮನೆಯಲ್ಲಿ ಪಂಚೆ ಉಟ್ಟವರೆಲ್ಲ ಅಡುಗೆ ಮಾಡುತ್ತಾರಾ? 'ವಿಮೆಂಟಿನ್‌ನ ಫಂಕ್ಷನ್: ಇಎಂಟಿ ಮಾರ್ಕರ್' ಎಂದು ಬರೆದ ರಿಪೋರ್ಟ್‌ಗಳು ನನ್ನ ಕೈಗೆ ಎಷ್ಟು ಬಂದಿವೆಯೋ ಲೆಕ್ಕ ಇಟ್ಟಿಲ್ಲ.

ಹಂತ 5: ಜೀನ್ ಇಲ್ಲದ ಇಲಿ ಏನು ಹೇಳುತ್ತದೆ

ಇದೇ ಮುಖ್ಯ ಹಂತ, ಅರ್ಧ ಸಮಯ ಇದಕ್ಕೇ ಇಡಿ. ಒಂದು ಜೀನನ್ನು ಬೇಕೆಂದೇ ಕೆಡಿಸಿ ಅಥವಾ ತೆಗೆದು ಮಾಡಿದ ಇಲಿಗೆ ನಾಕೌಟ್ ಎನ್ನುತ್ತಾರೆ. ಈ ವಿದ್ಯೆಗೆ ದಾರಿ ಮಾಡಿದ ಕಪೆಕಿ, ಇವಾನ್ಸ್, ಸ್ಮಿತೀಸ್ ಮೂವರಿಗೆ 2007ರಲ್ಲಿ ನೊಬೆಲ್ ಬಂತು. ಜೀನ್ ಇಲ್ಲದಾಗ ಪ್ರಾಣಿಯಲ್ಲಿ ಕಾಣುವ ಬದಲಾವಣೆಗೆ ಫೀನೋಟೈಪ್ ಎಂದು ಹೆಸರು.

ಎಂಜಿಐ ಪುಟದಲ್ಲಿ ಮ್ಯುಟೇಶನ್ ಮತ್ತು ಅಲೀಲ್ ಎಂಬ ವಿಭಾಗ ತೆರೆಯಿರಿ. ಅಲೀಲ್ ಅಂದರೆ ಜೀನಿನ ಒಂದು ರೂಪ. ಅಲ್ಲಿನ ಹೆಸರುಗಳು ಮಂತ್ರದ ಹಾಗೆ ಕಾಣುತ್ತವೆ, ಆದರೆ ಓದಲು ಕಷ್ಟವಿಲ್ಲ. ಪ್ಯಾರಿಸ್ಸಿನ ಆ ಇಲಿಯ ಅಲೀಲ್ ಹೆಸರು ಟಿಎಂ1ಸಿಬಿಎ. ಟಿಎಂ ಅಂದರೆ ಗುರಿಯಿಟ್ಟು ಮಾಡಿದ ಬದಲಾವಣೆ, 1 ಅಂದರೆ ಆ ಲ್ಯಾಬಿನಲ್ಲಿ ಈ ಜೀನಿಗೆ ಮಾಡಿದ ಮೊದಲನೆಯದು, ಸಿಬಿಎ ಅಂದರೆ ಶಾರ್ಲ್ ಬಾಬಿನೆ ಅವರ ಲ್ಯಾಬಿನ ಗುರುತು. ಪೇಪರಿನಲ್ಲಿ ಬಳಸಿದ ಇಲಿ ಯಾವ ಅಲೀಲಿನದು ಎಂದು ಪ್ರತಿ ಸಲ ಬರೆದಿಟ್ಟುಕೊಳ್ಳಿ.

ಈಗ ಪಬ್‌ಮೆಡ್. 'ವಿಮೆಂಟಿನ್ ನಾಕೌಟ್' ಎಂದಷ್ಟೇ ಹುಡುಕಿದರೆ ಮುಖ್ಯವಾದವೇ ತಪ್ಪಿಹೋಗಬಹುದು. ಕೆಲವರು 'ನಲ್' ಎಂದು ಬರೆಯುತ್ತಾರೆ, ಕೆಲವರು 'ಡಿಫಿಷಿಯೆಂಟ್', ಕೆಲವರು 'ಲ್ಯಾಕಿಂಗ್'. 1994ರ ಆ ಮೊದಲ ಪೇಪರಿನ ಶೀರ್ಷಿಕೆಯಲ್ಲಿ ನಾಕೌಟ್ ಎಂಬ ಪದವೇ ಇಲ್ಲ, ಇರುವುದು 'ಲ್ಯಾಕಿಂಗ್'. ನಾಲ್ಕೂ ಪದ ಹಾಕಿ ಹುಡುಕಿ.

ಆ ಶೀರ್ಷಿಕೆ ಸ್ವಲ್ಪ ನಿಧಾನವಾಗಿ ಓದಿ. ವಿಮೆಂಟಿನ್ ಇಲ್ಲದ ಇಲಿಗಳು 'ಎದ್ದು ಕಾಣುವ' ಫೀನೋಟೈಪ್ ಇಲ್ಲದೆ ಬೆಳೆಯುತ್ತವೆ, ಮರಿ ಹಾಕುತ್ತವೆ ಎಂದು ಅದರ ಅರ್ಥ. ಎದ್ದು ಕಾಣುವ ಎಂಬ ಮಾತಿಗೆ ಕೆಳಗೆ ಗೆರೆ ಎಳೆಯಿರಿ. ಲೇಖಕರು ತೊಂದರೆ ಇಲ್ಲ ಎಂದಿಲ್ಲ, ತಾವು ನೋಡಿದ ಮಟ್ಟಿಗೆ ಕಾಣಲಿಲ್ಲ ಎಂದಿದ್ದಾರೆ. ಓದುವವರು ಆ ಒಂದು ಪದ ನುಂಗಿ, 'ಈ ಜೀನ್ ಅಗತ್ಯವಿಲ್ಲ' ಎಂದು ಬರೆದುಬಿಡುತ್ತಾರೆ.

ಮುಂದಿನ ವರ್ಷಗಳಲ್ಲಿ ಏನಾಯಿತು ನೋಡಿ. 1997ರಲ್ಲಿ ಇವೇ ಇಲಿಗಳ ಕರುಳಿನ ಸಣ್ಣ ರಕ್ತನಾಳಗಳನ್ನು ಪರೀಕ್ಷಿಸಿದರು. ರಕ್ತದ ಹರಿವು ಹೆಚ್ಚಾದಾಗ ನಾಳ ಹಿಗ್ಗಬೇಕು, ಇವುಗಳಲ್ಲಿ ಹಿಗ್ಗುವುದು ಕಡಿಮೆ. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಮೂತ್ರಪಿಂಡದ ಮುಕ್ಕಾಲು ಭಾಗ ತೆಗೆದುಹಾಕಿ ನೋಡಿದರು. ಸಾಮಾನ್ಯ ಇಲಿಗಳು ಉಳಿದ ಕಾಲು ಭಾಗದಲ್ಲೇ ಬದುಕಿಕೊಂಡವು. ವಿಮೆಂಟಿನ್ ಇಲ್ಲದವು 72 ಗಂಟೆಯೊಳಗೆ ಎಲ್ಲವೂ ಸತ್ತವು. ಕಾರಣ ಹುಡುಕಿದಾಗ ರಕ್ತನಾಳ ಬಿಗಿಯುವ ಎಂಡೊಥೀಲಿನ್ ಮತ್ತು ಸಡಿಲಿಸುವ ನೈಟ್ರಿಕ್ ಆಕ್ಸೈಡ್, ಇವೆರಡರ ತಕ್ಕಡಿ ತಪ್ಪಿತ್ತು. ಎಂಡೊಥೀಲಿನ್ ತಡೆಯುವ ಔಷಧಿ ಕೊಟ್ಟಾಗ ಇಲಿಗಳು ಉಳಿದವು. ಆಪರೇಷನ್ ಮಾಡದೆ ಬಿಟ್ಟಿದ್ದರೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ.

1998ರಲ್ಲಿ ಫೈಬ್ರೊಬ್ಲಾಸ್ಟ್‌ಗಳ ಸರದಿ. ವಿಮೆಂಟಿನ್ ಇಲ್ಲದ ಕೋಶಗಳು ಮೆತ್ತಗೆ, ಓಡಾಟ ನಿಧಾನ, ಸುತ್ತಲಿನ ಕೊಲಾಜೆನ್ ಎಳೆದು ಕುಗ್ಗಿಸುವ ಶಕ್ತಿ ಕಡಿಮೆ. 2000ದಲ್ಲಿ ಅದೇ ಗುಂಪಿನವರು ಗಾಯ ಮಾಡಿ ನೋಡಿದರು: ಗಾಯಕ್ಕೆ ಫೈಬ್ರೊಬ್ಲಾಸ್ಟ್ ಬರುವುದು ತಡ, ಗಾಯ ಕೂಡಿಕೊಳ್ಳುವುದೂ ತಡ. ನಡುವೆ 1999ರಲ್ಲಿ ಕಿರುಮೆದುಳಿನ ಬೆರ್ಗ್‌ಮನ್ ಗ್ಲಿಯಾ ಎಂಬ ಆಸರೆ ಕೋಶಗಳು ಸರಿಯಾಗಿ ಬೆಳೆದಿಲ್ಲ ಎಂದೂ, ಇಲಿಗಳ ನಡಿಗೆಯ ಹಿಡಿತ ಸ್ವಲ್ಪ ಕಡಿಮೆ ಎಂದೂ ತಿಳಿಯಿತು. 2006ರಲ್ಲಿ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟಿ ದಾಟಿಹೋಗುವಾಗಲೂ ವಿಮೆಂಟಿನ್ ಬೇಕು ಎಂದು ಗೊತ್ತಾಯಿತು.

ಇವನ್ನೆಲ್ಲ ಪಕ್ಕದಲ್ಲಿಟ್ಟು ನೋಡಿದರೆ ಹಗ್ಗದ ಮಾತು ನೆನಪಾಗುತ್ತದೆ, ಅಲ್ವಾ? ಪಂಜರದಲ್ಲಿ ಕಾಳು ತಿಂದುಕೊಂಡು ಬೆಚ್ಚಗಿರುವ ಇಲಿಗೆ ಜಗ್ಗಾಟವೇ ಇಲ್ಲ. ಹರಿವು, ಗಾಯ, ಒತ್ತಡ, ದಾಟುವಿಕೆ ಬಂದಾಗ ಕೊರತೆ ಬಯಲಾಗುತ್ತದೆ. ಹಾಗಾಗಿ ನಿಮ್ಮ ನೋಟ್‌ಬುಕ್‌ನಲ್ಲಿ ಪ್ರತಿ ಪೇಪರಿಗೂ ಐದು ಮನೆ ಹಾಕಿ: ಯಾವ ಅಲೀಲ್, ಯಾವ ತಳಿ, ಎಷ್ಟು ವಯಸ್ಸು, ಏನು ಒತ್ತಡ ಕೊಟ್ಟರು, ಏನು ಕಂಡರು. ಬಹುತೇಕ ವಿದ್ಯಾರ್ಥಿಗಳ ನೋಟ್ಸಿನಲ್ಲಿ ಕೊನೆಯ ಮನೆ ಮಾತ್ರ ಇರುತ್ತದೆ.

ತಳಿ ಯಾಕೆ? ಲ್ಯಾಬಿನ ಇಲಿಗಳಲ್ಲಿ 129, ಸಿ57ಬಿಎಲ್6 ಹೀಗೆ ಹಲವು ತಳಿಗಳಿವೆ. ಅದೇ ನಾಕೌಟ್ ಒಂದು ತಳಿಯಲ್ಲಿ ಸೌಮ್ಯವಾಗಿ, ಇನ್ನೊಂದರಲ್ಲಿ ಜೋರಾಗಿ ಕಾಣಬಹುದು. ಹೋಲಿಕೆಗೆ ಇಟ್ಟ ಇಲಿಗಳು ಒಂದೇ ಸೂಲಿನ ಅಣ್ಣ ತಮ್ಮಂದಿರಾ ಅಥವಾ ಬೇರೆಲ್ಲಿಂದಲೋ ತಂದವಾ ಎಂದೂ ವಿಧಾನದ ಭಾಗದಲ್ಲಿ ನೋಡಿ. ಬೇರೆ ಕಡೆಯಿಂದ ತಂದಿದ್ದರೆ ಫಲಿತಾಂಶವನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ನಿಮ್ಮ ಜೀನಿಗೆ ಯಾರೂ ನಾಕೌಟ್ ಪೇಪರ್ ಬರೆದಿಲ್ಲವಾ? ಇಂಟರ್‌ನ್ಯಾಷನಲ್ ಮೌಸ್ ಫೀನೋಟೈಪಿಂಗ್ ಕನ್ಸಾರ್ಟಿಯಂ, ಅಂದರೆ ಐಎಂಪಿಸಿ, ಇದರ ತಾಣ ನೋಡಿ. ಒಂದೊಂದೇ ಜೀನ್ ತೆಗೆದು ಎಲ್ಲಕ್ಕೂ ಒಂದೇ ಬಗೆಯ ಪರೀಕ್ಷೆ ಮಾಡುವ ಜಾಗತಿಕ ಕೂಟ ಅದು. 2016ರಲ್ಲಿ ಅವರು 1751 ಜೀನುಗಳ ಲೆಕ್ಕ ಕೊಟ್ಟಾಗ 410 ಜೀನುಗಳಲ್ಲಿ ಮರಿಗಳು ಉಳಿದೇ ಇರಲಿಲ್ಲ. ನಿಮ್ಮದು ಅಂಥ ಜೀನಾದರೆ 'ಕಂಡಿಶನಲ್' ಇಲಿ ಹುಡುಕಿ, ಅಂದರೆ ಒಂದು ಅಂಗದಲ್ಲಿ ಅಥವಾ ಒಂದು ವಯಸ್ಸಿನ ನಂತರ ಮಾತ್ರ ಜೀನ್ ಕತ್ತರಿಸಿದ್ದು. ಆದರೆ ಐಎಂಪಿಸಿಯ ಹೆಚ್ಚಿನ ಪರೀಕ್ಷೆ 16 ವಾರದೊಳಗಿನ ಇಲಿಗಳ ಮೇಲೆ, ಆರಾಮ ಸ್ಥಿತಿಯಲ್ಲಿ. 'ಏನೂ ಕಾಣಲಿಲ್ಲ' ಎಂದು ಅಲ್ಲಿ ಬರೆದಿದ್ದರೆ ವಿಮೆಂಟಿನ್ ಕಥೆ ನೆನಪಿಸಿಕೊಳ್ಳಿ.

ಹಂತ 6: 'ಇಲ್ಲದಿರುವುದು' ಮತ್ತು 'ಕೆಟ್ಟಿರುವುದು' ಬೇರೆ ಬೇರೆ

ಜೀನ್ ಪೂರ್ತಿ ಹೋದಾಗ ಕೆಲವೊಮ್ಮೆ ಪ್ಯಾರಲಾಗ್‌ಗಳು ಕೈಜೋಡಿಸುತ್ತವೆ, ಇದಕ್ಕೆ ಕಾಂಪೆನ್ಸೇಶನ್ ಎನ್ನುತ್ತಾರೆ. ಇಲಿಯ ಕೋಶದಲ್ಲಿ ಬೀಟಾ ಆಕ್ಟಿನ್ ಜೀನ್ ಕೆಡಿಸಿದಾಗ ಗಾಮಾ ಆಕ್ಟಿನ್ ಹೆಚ್ಚಾಗುವುದನ್ನು 2019ರಲ್ಲಿ ತೋರಿಸಿದ್ದಾರೆ. ಕೆಟ್ಟ ಆರ್‌ಎನ್‌ಎ ಚೂರಾಗುವುದೇ ಅದಕ್ಕೆ ಸೂಚನೆ ಕೊಡುತ್ತದೆ ಎಂಬುದು ಅವರ ವಾದ. ಅದಕ್ಕೇ ಒಂದೇ ಜೀನ್ ತೆಗೆದದ್ದಲ್ಲದೆ ಎರಡು ತೆಗೆದ ಇಲಿಯ ಪೇಪರನ್ನೂ ಹುಡುಕಿ. ವಿಮೆಂಟಿನ್‌ಗೆ ಅಂಥ ಜೊತೆಗಾರ ಜಿಎಫ್‌ಎಪಿ, ಮೆದುಳಿನ ಆಸ್ಟ್ರೊಸೈಟ್ ಕೋಶಗಳದ್ದು. ಎರಡೂ ಇಲ್ಲದ ಇಲಿಯಲ್ಲಿ ಮೆದುಳಿನ ಗಾಯದ ಕಲೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ.

ಇನ್ನು ಕೆಟ್ಟ ಪ್ರೋಟೀನ್ ವಿಷಯ. ಕೋಶ ಎರಡಾಗಿ ಒಡೆಯುವಾಗ ವಿಮೆಂಟಿನ್ ಎಳೆಗಳು ಕಳಚಬೇಕು. ಕಳಚಲು ಸೂಚನೆ ಫಾಸ್ಫೇಟ್ ಅಂಟುವುದರಿಂದ, ಅದು ಅಂಟುವುದು ಸೆರಿನ್ ಎಂಬ ಅಮೈನೋ ಆಮ್ಲಗಳಿಗೆ. 2013ರಲ್ಲಿ ಜಪಾನಿನ ಸಂಶೋಧಕರು ಆ ಸೆರಿನ್‌ಗಳನ್ನು ಬದಲಿಸಿ, ಫಾಸ್ಫೇಟ್ ಅಂಟದ ವಿಮೆಂಟಿನ್ ಇರುವ ಇಲಿ ಮಾಡಿದರು. ಎಳೆ ಕಳಚಲಿಲ್ಲ, ಮಸೂರದ ಕೋಶಗಳು ಸರಿಯಾಗಿ ಒಡೆಯಲಿಲ್ಲ, ಕಣ್ಣು ಚಿಕ್ಕದಾಯಿತು, ಪೊರೆ ಬಂತು. ವಿಮೆಂಟಿನ್ ಪೂರ್ತಿ ಇಲ್ಲದ ಇಲಿಯ ಮೊದಲ ವರದಿಯಲ್ಲಿ ಕಣ್ಣಿಗೆ ಇಂಥ ತೊಂದರೆ ಏನೂ ಇರಲಿಲ್ಲ! ಮನುಷ್ಯರಲ್ಲೂ ಹಾಗೇ. ವಿಮೆಂಟಿನ್‌ನ ಒಂದೇ ಅಕ್ಷರ ಬದಲಾಗಿ ಎಳೆ ಕಟ್ಟುವುದು ಕೆಟ್ಟು, ಚಿಕ್ಕವರಲ್ಲೇ ಕಣ್ಣಿನ ಪೊರೆ ಬಂದ ವರದಿ 2009ರಲ್ಲಿ ಬಂತು. ಜಗಲಿಯಲ್ಲಿ ಹಗ್ಗ ಇಲ್ಲದಿದ್ದರೆ ನಡೆಯಬಹುದು, ಸಿಕ್ಕುಬಿದ್ದ ಹಗ್ಗ ಇದ್ದರೆ ಎಡವಿ ಬೀಳುತ್ತೇವೆ.

ಎಲ್ಲ ಸೈಟೋಸ್ಕೆಲಿಟನ್ ಜೀನುಗಳೂ ಇಷ್ಟು ಗುಟ್ಟಿನವಲ್ಲ. ಸ್ನಾಯುಗಳ ಇಂಟರ್‌ಮೀಡಿಯೆಟ್ ಫಿಲಮೆಂಟ್ ಪ್ರೋಟೀನಾದ ಡೆಸ್ಮಿನ್ ಇಲ್ಲದ ಇಲಿಗಳಲ್ಲಿ ಸ್ನಾಯು, ಹೃದಯ ಹಾಳಾಗುವುದು 1996ರಲ್ಲೇ ಕಂಡಿತ್ತು. ಕೆರಾಟಿನ್ 14 ಇಲ್ಲದ ಮರಿಗಳ ಚರ್ಮ ಗುಳ್ಳೆ ಎದ್ದು, ಹುಟ್ಟಿದ ಕೆಲವೇ ದಿನಕ್ಕೆ ಸಾಯುತ್ತವೆ. ನಿಮ್ಮದು ಇಂಥ ಜೀನಾದರೆ ನಿಮ್ಮ ಕೆಲಸ ಸುಲಭ.

ಹಂತ 7: ಬರೆಯುವುದು

ಡೇಟಾಬೇಸುಗಳಲ್ಲಿ ಜೀನ್ ಆಂಟಾಲಜಿ ಎಂಬ ಪಟ್ಟಿ ಇರುತ್ತದೆ, ಜೀನಿನ ಕೆಲಸಗಳನ್ನು ಚೀಟಿ ಅಂಟಿಸಿದ ಹಾಗೆ. ಪ್ರತಿ ಚೀಟಿಯ ಪಕ್ಕ ಸಾಕ್ಷಿಯ ಗುರುತು ಇರುತ್ತದೆ, ಅದನ್ನು ಓದದೆ ಚೀಟಿ ನಕಲು ಮಾಡಬೇಡಿ. ಐಎಂಪಿ ಅಂದರೆ ಮ್ಯುಟೆಂಟ್ ನೋಡಿ ಹೇಳಿದ್ದು, ಐಡಿಎ ಅಂದರೆ ನೇರ ಪ್ರಯೋಗ. ಐಎಸ್‌ಒ ಅಂದರೆ ಬೇರೆ ಪ್ರಾಣಿಯ ಆರ್ಥೋಲಾಗ್‌ನಿಂದ ತಂದದ್ದು. ಐಇಎ ಅಂದರೆ ಕಂಪ್ಯೂಟರ್ ಅಂದಾಜು, ಯಾರೂ ಕೂತು ನೋಡಿಲ್ಲ. ಮೊದಲೆರಡನ್ನು ಮುಖ್ಯ ಪಠ್ಯದಲ್ಲಿ ಬಳಸಿ, ಐಎಸ್‌ಒ ಆದರೆ ಯಾವ ಪ್ರಾಣಿಯಿಂದ ಬಂತು ಎಂದು ಹೇಳಿ, ಐಇಎ ಬಿಟ್ಟರೂ ನಷ್ಟವಿಲ್ಲ.

ಚಾಟ್‌ಬಾಟ್ ಕೇಳುವವರಿಗೆ ಒಂದು ಮಾತು. ಕೇಳಿ, ಬೇಡ ಅನ್ನಲ್ಲ. ಆದರೆ ಅದು ಕೊಟ್ಟ ಪ್ರತಿ ಪೇಪರಿನ ಹೆಸರನ್ನೂ ಪಬ್‌ಮೆಡ್‌ನಲ್ಲಿ ಹಾಕಿ ನೋಡಿ. ಸಿಗದಿದ್ದರೆ ಆ ಪೇಪರ್ ಇಲ್ಲ ಎಂದೇ ಲೆಕ್ಕ. ವೈವಾದಲ್ಲಿ ಸಿಕ್ಕಿಬಿದ್ದವರು ಇದ್ದಾರೆ.

ನಾನಾದರೆ ವಿಮೆಂಟಿನ್ ಬಗ್ಗೆ ಹೀಗೆ ಬರೆಯುತ್ತೇನೆ: 'ಇಲಿಯ ವಿಮೆಂಟಿನ್ ಜೀನ್ ಇಂಟರ್‌ಮೀಡಿಯೆಟ್ ಫಿಲಮೆಂಟ್‌ಗಳಲ್ಲಿ ಟೈಪ್ 3 ಎಂಬ ಒಳಗುಂಪಿನ ಪ್ರೋಟೀನನ್ನು ಕೊಡುತ್ತದೆ. ಪಂಜರದ ಸಾಮಾನ್ಯ ಸ್ಥಿತಿಯಲ್ಲಿ ಬೆಳವಣಿಗೆಗೂ ಸಂತಾನಕ್ಕೂ ಇದು ಅನಿವಾರ್ಯವಲ್ಲ. ಆದರೆ ಗಾಯ ಕೂಡುವಾಗ, ರಕ್ತದ ಹರಿವಿಗೆ ನಾಳ ಹಿಗ್ಗುವಾಗ, ಮೂತ್ರಪಿಂಡದ ಬಹುಭಾಗ ಹೋದಾಗ ಇದರ ಕೊರತೆ ತೀವ್ರವಾಗಿ ಕಾಣುತ್ತದೆ. ಎಳೆ ಕಳಚುವುದಕ್ಕೆ ಅಡ್ಡಿಯಾದರೆ ಕಣ್ಣಿನ ಮಸೂರ ಕೆಡುತ್ತದೆ.' ಪ್ರತಿ ವಾಕ್ಯಕ್ಕೂ ಒಂದು ಪೇಪರ್, ಪ್ರತಿ ಪೇಪರಿಗೂ ನೋಟ್‌ಬುಕ್‌ನಲ್ಲಿ ಐದು ಮನೆ. ಪರೀಕ್ಷಕರು 'ಹೇಗೆ ಗೊತ್ತು?' ಎಂದು ಕೇಳಿದರೆ ಬೆರಳಿಟ್ಟು ತೋರಿಸಬಹುದು.

ಕೊನೆಗೆ ಎರಡು ಸಣ್ಣ ವಿಷಯ. ಓದಿದ್ದರಿಂದ ಹುಮ್ಮಸ್ಸು ಬಂದು ನೀವೇ ಇಲಿಯ ಮೇಲೆ ಪ್ರಯೋಗ ಮಾಡುವ ಯೋಚನೆ ಇದ್ದರೆ, ಭಾರತದಲ್ಲಿ ಮೊದಲು ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅರ್ಜಿಯಲ್ಲಿ 'ಪ್ರಾಣಿ ಬಳಸದೆ ಯಾಕೆ ಆಗುವುದಿಲ್ಲ' ಎಂದು ವಿವರಿಸಬೇಕಾಗುತ್ತದೆ, ಮೇಲಿನ ಏಳು ಹಂತ ಮುಗಿಸಿದ್ದರೆ ಅದಕ್ಕೆ ಬೇಕಾದದ್ದು ಹೆಚ್ಚುಕಮ್ಮಿ ನೋಟ್‌ಬುಕ್‌ನಲ್ಲೇ ಇರುತ್ತದೆ. ಇನ್ನೊಂದು, ಡೇಟಾಬೇಸ್ ಪುಟ ತೆರೆದ ತಾರೀಖನ್ನು ಪ್ರತಿ ಸಲ ಬರೆದಿಡಿ. ಆ ಪುಟಗಳು ತಿದ್ದುಪಡಿ ಆಗುತ್ತಲೇ ಇರುತ್ತವೆ, ಮಾರ್ಚಿನಲ್ಲಿ ನೋಡಿದ್ದು ಜೂನಿನಲ್ಲಿ ಹಾಗೇ ಇರುತ್ತದೆ ಅಂತ ಹೇಳಲಾಗುವುದಿಲ್ಲ.